ಮಾವನ ಕೈ ತಾಗಿರಲಿಲ್ಲ

ಆಫೀಸಿನಲ್ಲಿ ಅವಳಿಗೆ 'ಸೇತುವೆ ಮೇಡಂ' ಅಂತ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಅನ್ನೋದು ಅವರಿಗೂ ಗೊತ್ತಿತ್ತು. ಒಳಗೊಳಗೆ ಅವಳಿಗೆ ಆ ಹೆಸರು ಇಷ್ಟವೇ ಆಗಿತ್ತು.

ಅವಳ ಕೆಲಸವೇ ಅಂಥದ್ದು. ಯಂತ್ರಗಳನ್ನು ನಡೆಸುವ ಹಳೆಯ ಕೋಡ್ ಬಹುಪಾಲು ಸಿ ಭಾಷೆಯಲ್ಲಿ ಇರುತ್ತದೆ. ಅದಕ್ಕೆ ವೇಗ ಹೆಚ್ಚು, ಮುಲಾಜು ಕಡಿಮೆ. ಯಾವುದು ಎಲ್ಲಿದೆ ಅಂತ ತೋರಿಸುವ ಒಂದು ವಿಳಾಸ ತಪ್ಪಿದರೆ ಸಾಕು, ಹೇಳದೆ ಕೇಳದೆ ಇಡೀ ಪ್ರೋಗ್ರಾಂ ಸತ್ತು ಬೀಳುತ್ತದೆ. ಈಗಿನವರಿಗೆ ಬೇಕಾದದ್ದು ಸ್ಕ್ರಿಪ್ಟ್ ಭಾಷೆ. ಬರೆಯಲು ಸುಲಭ, ಯಾರಿಗೂ ಬೇಡವಾದ ವಸ್ತುಗಳನ್ನು ಅದು ತಾನಾಗಿಯೇ ಆಗಾಗ ಗುಡಿಸಿ ಹಾಕುತ್ತದೆ. ಆ ಹಳೆಯದನ್ನು ಈ ಹೊಸದರಿಂದ ಮಾತಾಡಿಸಲು ಒಂದು ಹೊದಿಕೆ ಹೊಲಿದು ಕೊಡುವುದು ಅವಳ ಕಸುಬು.

ಆ ಕಸುಬಿನಲ್ಲಿ ಎಲ್ಲಕ್ಕಿಂತ ತಂಟೆಯದು ಕಾಲ್‌ಬ್ಯಾಕ್. ಈ ಕಡೆಯ ಒಂದು ಫಂಕ್ಷನ್ನನ್ನು, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡನ್ನು, ಆ ಕಡೆಗೆ ಕೊಟ್ಟು, 'ನಿನ್ನ ಕೆಲಸ ಮುಗಿದ ಮೇಲೆ ಇದನ್ನು ಕರೆ' ಅಂತ ಹೇಳಿಬಿಡುವುದು. ಸಿ ಕೋಡ್ ಅದರ ವಿಳಾಸ ಒಂದನ್ನೇ ಇಟ್ಟುಕೊಳ್ಳುತ್ತದೆ. ಸ್ಕ್ರಿಪ್ಟ್ ಭಾಷೆಗೆ ಆ ಸಂಗತಿ ತಿಳಿಯುವುದಿಲ್ಲ. ಈ ಫಂಕ್ಷನ್ನನ್ನು ಇಲ್ಲಿ ಯಾರೂ ಹಿಡಿದುಕೊಂಡಿಲ್ಲ ಅಂತ ಕಂಡರೆ, ಬೇಡದ್ದು ಅಂದುಕೊಂಡು ಗುಡಿಸಿಬಿಡುತ್ತದೆ. ಆಮೇಲೆ ಸಿ ಕೋಡ್ ಕೊಟ್ಟ ಮಾತಿನಂತೆ ಕರೆಯುತ್ತದೆ. ಕರೆದ ಜಾಗದಲ್ಲಿ ಏನೂ ಇರುವುದಿಲ್ಲ. ಅಲ್ಲಿಗೆ ಎಲ್ಲ ಮುಗಿಯಿತು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವಳು ಮೊದಲ ದಿನವೇ ಇದನ್ನು ಹೇಳುತ್ತಿದ್ದಳು. "ಆ ಕಡೆ ಕೊಟ್ಟಿದ್ದನ್ನ ಈ ಕಡೆ ನೀವೂ ಹಿಡ್ಕೊಂಡಿರಿ. ಒಂದು ಹೆಸರು ಕೊಟ್ಟು ಇಟ್ಕೊಳ್ಳಿ. ಅವರು ಕರೆದು ಮುಗಿಸೋ ತನಕ ಬಿಡಬೇಡಿ." ಯಾರಾದರೂ ಇದನ್ನು ಮರೆತರೆ ಅವಳು ಬಯ್ಯುತ್ತಿರಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಮುಗುಳ್ನಗುತ್ತಿದ್ದಳು. ಬೈಗುಳವೇ ವಾಸಿ ಅನ್ನುತ್ತಿದ್ದರು ಸಿಕ್ಕಿಬಿದ್ದವರು.

ಇನ್ನೊಬ್ಬರ ತಪ್ಪು ಅವಳ ಕಣ್ಣಿಗೆ ಬೇಗ ಬೀಳುತ್ತಿತ್ತು. ಯಾವ ಯಂತ್ರ ಎಲ್ಲಿ ನಿಂತರೂ ಅವಳ ಮೊದಲ ಮಾತು, "ನನ್ನ ಕಡೆ ಎಲ್ಲ ಸರಿಯಿದೆ, ನಿಮ್ಮ ಕಡೆ ನೋಡ್ಕೊಳ್ಳಿ." ಹತ್ತಕ್ಕೆ ಒಂಬತ್ತು ಸಲ ಅದು ನಿಜವೂ ಆಗಿರುತ್ತಿತ್ತು. ಹಾಗಾಗಿ ಆ ಮಾತು ನಾಲಿಗೆಯ ತುದಿಯಲ್ಲೇ ಮನೆ ಮಾಡಿಕೊಂಡಿತ್ತು.

ಮನೆಯಲ್ಲಿ ಗಂಡ, ಪುಟ್ಟಿ ಅಂತ ಕರೆಯುವ ಚಿಕ್ಕ ಮಗಳು, ಗಂಡನ ಅಪ್ಪ. ಗಂಡನಿಗೆ ಕನ್ನಡಕದ ಅಂಗಡಿ. ಅತ್ತೆ ತೀರಿಕೊಂಡ ಮೇಲೆ ಮಾವ ಇವರ ಜೊತೆಯಲ್ಲೇ ಇದ್ದರು. ಅವರದು ಊರಿನ ನಾಟಕಮಂದಿರದಲ್ಲಿ ಬೆಳಕಿನ ಕೆಲಸ. ವಯಸ್ಸಿದ್ದಾಗಿನಿಂದ ಅದೇ ಕೆಲಸ. ಸಭಾಂಗಣದ ಹಿಂದೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ. ಅಲ್ಲಿ ಕೂತು ಅವರು ರಂಗದ ಮೇಲೆ ಹಗಲು ಮಾಡುತ್ತಿದ್ದರು, ರಾತ್ರಿ ಮಾಡುತ್ತಿದ್ದರು. ಮನೆಗೆ ಬಂದು ಸ್ನಾನದ ಮನೆಯ ದೀಪ ಆರಿಸುವುದನ್ನು ಮಾತ್ರ ಮರೆಯುತ್ತಿದ್ದರು. "ಊರಿಗೆಲ್ಲ ಬೆಳಕು ಕೊಡೋರು, ಮನೇಲಿ ಒಂದು ಸ್ವಿಚ್ಚು ಗೊತ್ತಾಗಲ್ಲ," ಅಂತ ಮಗ ರೇಗಿಸಿದರೆ, "ಅದಕ್ಕೆ ಸಂಬಳ ಕೊಡಲ್ಲವಲ್ಲಪ್ಪ ನೀನು," ಅನ್ನುತ್ತಿದ್ದರು.

ಆಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಲೋಟ ಹಿಡಿದರೆ ತುಳುಕುತ್ತಿತ್ತು. ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಪುಟ್ಟಿಗೆ ಅವರು ಹಾಕುವ ಜಡೆ ದಿನಕ್ಕೊಂದು ಕಡೆ ವಾಲುತ್ತಿತ್ತು. ಅವಳಿಗೆ ಅದೇ ಖುಷಿ. ಇವತ್ತು ಎಡಕ್ಕೋ ಬಲಕ್ಕೋ ಅಂತ ಕನ್ನಡಿಗೆ ಓಡುತ್ತಿದ್ದಳು. ಆದರೆ ದೀಪ ಏರಿಸಿ ಇಳಿಸುವ ಹಲಗೆಯ ಸಣ್ಣ ಸಣ್ಣ ಹಿಡಿಗಳನ್ನು ಕೂದಲೆಳೆಯಷ್ಟು ಜರುಗಿಸಬೇಕಾದವರಿಗೆ ನಡುಗುವ ಕೈ ತಮಾಷೆಯ ವಿಷಯವಲ್ಲ.

ಅದೇ ಹೊತ್ತಿಗೆ ಮಂದಿರದವರು ಹಳೆಯ ಹಲಗೆ ಕಿತ್ತು, ಕಂಪ್ಯೂಟರಿನಿಂದ ನಡೆಯುವ ಹೊಸ ಪೆಟ್ಟಿಗೆ ತಂದರು. ಮಾವ ಒಂದು ಸಂಜೆ ಊಟಕ್ಕೆ ಕೂತಾಗ, ಇನ್ನು ಸಾಕು, ಮನೆಯಲ್ಲಿ ಇದ್ದುಬಿಡುತ್ತೇನೆ ಅಂದರು. ಹೇಳುವಾಗ ತಟ್ಟೆಯಿಂದ ಮುಖ ಎತ್ತಲಿಲ್ಲ.

"ಯಾಕೆ ಮಾವ? ಪೆಟ್ಟಿಗೆ ಜೊತೆ ಅದನ್ನ ನಡೆಸೋ ಸಿ ಲೈಬ್ರರಿ ಕೊಟ್ಟಿದ್ದಾರೆ ತಾನೆ? ಅದಕ್ಕೊಂದು ಹೊದಿಕೆ ಹಾಕಿ ಸ್ಕ್ರಿಪ್ಟ್ ಬರ್ಕೊಡ್ತೀನಿ. ಪ್ರತಿ ದೃಶ್ಯಕ್ಕೂ ಒಂದು ದೊಡ್ಡ ಗುಂಡಿ ಒತ್ತಿದ್ರೆ ಸಾಕು, ಮಿಕ್ಕಿದ್ದೆಲ್ಲ ಅದೇ ಮಾಡುತ್ತೆ. ಕೈ ನಡುಗಿದ್ರೆ ನಡುಗ್ಲಿ ಬಿಡಿ."

"ನಿನಗ್ಯಾಕಮ್ಮ ಸುಮ್ನೆ ತೊಂದರೆ? ಆಫೀಸಲ್ಲೇ ಬೇಕಾದಷ್ಟಿರುತ್ತೆ."

"ಇದೇನು ಮಹಾ? ರಜೆ ದಿನ ಕೂತರೆ ಮುಗೀತು."

ಅವಳು ಹೇಳಿದ ಹಾಗೇ ಮಾಡಿದಳು. ಒಂದು ರಜೆಯ ದಿನ ಅಡುಗೆಮನೆಯ ಮೇಜಿನ ಮೇಲೆ, ಒಲೆ ಮೇಲೆ ಏನೋ ಬೇಯಲಿಟ್ಟುಕೊಂಡು ಬರೆದು ಮುಗಿಸಿದಳು. 'ಈ ದೀಪವನ್ನು ಇಷ್ಟು ಹೊತ್ತಿನಲ್ಲಿ ಇಷ್ಟಕ್ಕೆ ಏರಿಸು, ಏರಿಸಿದ ಮೇಲೆ ನನ್ನನ್ನು ಕರೆ, ಮುಂದಿನದನ್ನು ಹೇಳುತ್ತೇನೆ.' ಇಷ್ಟೇ ಅದರ ಸಾರ. ಮಾವ ಅದನ್ನು ಮೊದಲ ಸಲ ನಡೆಸಿದ ದಿನ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ, "ರೇಷ್ಮೆ ಕಣಮ್ಮ, ರೇಷ್ಮೆ ಜಾರಿದ ಹಾಗೆ ಜಾರುತ್ತೆ ಬೆಳಕು!" ಅಂದರು. ಆ ವರ್ಷ ಎಷ್ಟೋ ಪ್ರದರ್ಶನ ನಡೆದವು. ಎಲ್ಲೂ ಒಂದು ಚೂರು ಎಡವಲಿಲ್ಲ. ಸಿಕ್ಕವರಿಗೆಲ್ಲ ಮಾವ ಸೊಸೆಯ ಗುಣಗಾನ ಮಾಡಿದರು. ಅವಳು, ಅಯ್ಯೋ ಅದರಲ್ಲೇನಿದೆ ಅನ್ನುತ್ತಲೇ ಕೇಳಿಸಿಕೊಂಡಳು.

ಹೊಸ ನಾಟಕವೊಂದು ಬಂತು. ಅದರ ಕೊನೆಯಲ್ಲಿ ನಟಿಯೊಬ್ಬಳೇ ರಂಗದ ಮೇಲೆ ಎತ್ತರದ ಒಂದು ಕಟ್ಟೆಯ ಅಂಚಿನಲ್ಲಿ ಕೂತು ಮಾತಾಡುತ್ತಾಳೆ. ಅವಳ ಮಾತು ಶುರುವಾಗುವಾಗ ಕತ್ತಲೆ, ಮುಗಿಯುವಾಗ ಬೆಳಗು. ನಡುವೆ ಬೆಳಕು ಏರುತ್ತಿದೆ ಅಂತ ನೋಡುವವರಿಗೆ ಗೊತ್ತೇ ಆಗಬಾರದು. ಅಷ್ಟು ನಿಧಾನದ ಬೆಳಗನ್ನು ಆ ಪ್ರೋಗ್ರಾಂ ಅದುವರೆಗೆ ಮಾಡಿರಲಿಲ್ಲ. ಅಭ್ಯಾಸದ ದಿನಗಳಲ್ಲೂ ಎಲ್ಲರಿಗೂ ಮನೆಗೆ ಹೋಗುವ ಆತುರ. ನಟಿ ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಹೇಳುತ್ತಿದ್ದಳು, ಬೆಳಗೂ ಅದಕ್ಕೆ ತಕ್ಕಂತೆ ಬೇಗ ಆಗಿಬಿಡುತ್ತಿತ್ತು.

ಮೊದಲ ಪ್ರದರ್ಶನ ಮಧ್ಯಾಹ್ನಕ್ಕಿತ್ತು. ಇವಳೂ ಗಂಡನೂ ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗಿದ್ದರು. ಸಭಾಂಗಣ ತುಂಬಿತ್ತು. ಕೊನೆಯ ದೃಶ್ಯದಲ್ಲಿ ಯಾರೂ ಕೆಮ್ಮಲಿಲ್ಲ ಕೂಡ. ನಟಿಯ ಮುಖ ಕತ್ತಲೆಯಿಂದ ತಾನಾಗಿ ಮೂಡಿಬರುವುದನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. 'ಇದು ನಾನು ಬರೆದದ್ದು' ಅನ್ನುವ ಹೆಮ್ಮೆ ಎದೆಯಲ್ಲಿ ಉಬ್ಬುತ್ತಿತ್ತು. ಬೆಳಗು ಪೂರ್ತಿಯಾಯಿತು. ನಟಿ ಎದ್ದು ನಿಂತು ಒಂದು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಆರಿಹೋದವು.

ಕತ್ತಲೆಯಲ್ಲಿ ಮೊದಲು ಏನೋ ಬಿದ್ದ ಸದ್ದು ಕೇಳಿಸಿತು. ಆಮೇಲೆ ನಟಿಯ ಕೂಗು. ಅದು ನಾಟಕದ ಕೂಗಲ್ಲ ಅಂತ ಎಲ್ಲರಿಗೂ ತಕ್ಷಣ ಗೊತ್ತಾಯಿತು. ಯಾರೋ ಸಭಾಂಗಣದ ದೀಪ ಹಾಕಿದಾಗ ಅವಳು ಕಟ್ಟೆಯ ಕೆಳಗೆ ಕಾಲು ಹಿಡಿದುಕೊಂಡು ಬಿದ್ದಿದ್ದಳು. ಪಾದ ತಿರುಗಬಾರದ ಕಡೆಗೆ ತಿರುಗಿತ್ತು.

ಗಂಡ ರಂಗದ ಕಡೆ ಓಡಿದ. ಇವಳು ಕಬ್ಬಿಣದ ಮೆಟ್ಟಿಲು ಹತ್ತಿ ಮೇಲೆ ಹೋದಳು. ಮಂದಿರದ ಮ್ಯಾನೇಜರ್ ಆಗಲೇ ಅಲ್ಲಿದ್ದರು. ಗಾಬರಿಯಲ್ಲಿ ಅವರು ಕಂಪ್ಯೂಟರನ್ನೇ ಆರಿಸಿ ಹಾಕಿದ್ದರು. ಮಾವ ಕುರ್ಚಿಯಿಂದ ಎದ್ದಿರಲಿಲ್ಲ. ಅವರ ಬಲಗೈ ಮೇಜಿನ ಮೇಲೆ ನಡುಗುತ್ತಿತ್ತು. ಆ ಕೈಯ ಪಕ್ಕದಲ್ಲೇ ಎಲ್ಲ ದೀಪ ಒಮ್ಮೆಗೇ ಆರಿಸುವ ಕೆಂಪು ಗುಂಡಿ.

"ಕೈ ತಾಗಿತಾ?" ಅಂದರು ಮ್ಯಾನೇಜರ್.

"ಇಲ್ಲ... ನಾನು ಮುಟ್ಟಲಿಲ್ಲ."

"ಮುಟ್ಟಿದ್ರಿ ಅಂತಲ್ಲ ಯಜಮಾನ್ರೇ. ಗೊತ್ತಿಲ್ಲದೆ ತಾಗಿತಾ ಅಂತ ಕೇಳಿದ್ದು."

ಮಾವ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ಸೊಸೆಯ ಕಡೆ ನೋಡಿದರು.

ಅವಳು ಕಂಪ್ಯೂಟರ್ ಹಾಕಿ, ಪ್ರೋಗ್ರಾಂ ತೆರೆದು, ಅದೇ ದೃಶ್ಯ ಮತ್ತೆ ನಡೆಸಿದಳು. ಬಾಗಿಲಲ್ಲಿ ನಾಟಕದವರು ಗುಂಪುಕಟ್ಟಿ ನಿಂತಿದ್ದರು. ಅಷ್ಟು ಹೊತ್ತು ಕಾಯಿಸಲಾಗದು ಅಂತ ಬೆಳಗಿನ ಅವಧಿಯನ್ನು ಮೊಟಕು ಮಾಡಿದಳು. ದೀಪಗಳು ನಯವಾಗಿ ಏರಿದವು, ಉರಿಯುತ್ತ ನಿಂತವು. ಅವಳು ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಪ್ರೋಗ್ರಾಂನಲ್ಲಿ ಏನೂ ತೊಂದರೆ ಇಲ್ಲ. ನನ್ನ ಕಡೆ ಎಲ್ಲ ಸರಿಯಿದೆ."

ಎಲ್ಲರ ಕಣ್ಣೂ ಆ ನಡುಗುವ ಕೈಯ ಮೇಲೆ ಹೋಯಿತು.

ಅವಳಿಗೆ ಮಾವನ ಮೇಲೆ ಕನಿಕರ ಉಕ್ಕಿ ಬಂತು. ಬಗ್ಗಿ ಅವರ ಭುಜ ಮುಟ್ಟಿ, "ಪರವಾಗಿಲ್ಲ ಮಾವ. ಬೇಕು ಅಂತ ಮಾಡಿದ್ದಲ್ಲವಲ್ಲ. ಯಾರಿಗಾದ್ರೂ ಆಗುತ್ತೆ," ಅಂದಳು.

"ತಾಗಿರಬೇಕು," ಅಂದರು ಮಾವ. "ತಾಗಿರಬೇಕು ಹಾಗಾದ್ರೆ."

ಮರುದಿನ ಅವರು ಕೋಣೆಯ ಕೀಲಿಕೈಯನ್ನು ಮಂದಿರದವರಿಗೆ ಒಪ್ಪಿಸಿ ಬಂದರು. ಯಾರೂ ಕೇಳಿರಲಿಲ್ಲ, ಆದರೆ ಕೊಟ್ಟಾಗ ಬೇಡ ಅಂತಲೂ ಯಾರೂ ಅನ್ನಲಿಲ್ಲ. ಅವರ ಜಾಗಕ್ಕೆ ಬಂದವರು ತಮಗೆ ರೂಢಿಯಿದ್ದ ಬೇರೆ ಪ್ರೋಗ್ರಾಂ ತಂದರು. ಸೊಸೆ ಬರೆದದ್ದು ಅಲ್ಲಿಗೆ ಮೂಲೆ ಸೇರಿತು.

ಮಾವ ಹಣ್ಣು ತೆಗೆದುಕೊಂಡು ನಟಿಯ ಮನೆಗೆ ಹೋಗಿ ಬಂದರು. ಅಲ್ಲಿ ಏನಾಯಿತು ಅಂತ ಹೇಳಲಿಲ್ಲ. ಅಲ್ಲಿಂದ ಬಂದ ಮೇಲೆ ಬಲಗೈ ಯಾವಾಗಲೂ ಜೇಬಿನಲ್ಲಿ. ಊಟಕ್ಕೂ ಎಡಗೈಯಲ್ಲಿ ಚಮಚ. ಟೀವಿ ನೋಡುವಾಗ ಆ ಕೈಯನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂರುತ್ತಿದ್ದರು, ತಂಟೆ ಮಾಡಿದ ಮಗುವನ್ನು ಮೂಲೆಗೆ ಕೂರಿಸಿದ ಹಾಗೆ. ಪುಟ್ಟಿ ಬಾಚಣಿಗೆ ಹಿಡಿದು ಬಂದು, "ಅಜ್ಜ, ಜಡೆ," ಅಂದರೆ, "ಅಮ್ಮನ ಹತ್ರ ಹೋಗು ಬಂಗಾರಿ, ಅಜ್ಜನ ಕೈ ಸರಿಯಿಲ್ಲ," ಅನ್ನುತ್ತಿದ್ದರು. ಡಾಕ್ಟರಿಗೆ ತೋರಿಸೋಣ ಅಂತ ಮಗ ಎಷ್ಟು ಗೋಗರೆದರೂ ಅವರು ಒಪ್ಪಲಿಲ್ಲ. "ಇನ್ನೇನು ತೋರ್ಸೋದು? ಊರಿಗೇ ತೋರ್ಸಿ ಆಯ್ತಲ್ಲ."

ಸೊಸೆ ಅವರನ್ನು ತುಂಬ ಅಕ್ಕರೆಯಿಂದ ನೋಡಿಕೊಂಡಳು. ಆ ವಿಷಯ ಎತ್ತಬಾರದು ಅಂತ ಗಂಡನಿಗೂ ಹೇಳಿದಳು. ಮುಂದೆ ಅವಳನ್ನು ಸುಟ್ಟದ್ದು ಈ ಅಕ್ಕರೆಯೇ.

ಆಫೀಸಿನಲ್ಲಿ 'ಮೌನಿ' ಅಂತ ಕರೆಯುವ ಒಬ್ಬ ಸಹೋದ್ಯೋಗಿ ಇದ್ದ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನು, ಬಾಯಿ ಬಿಟ್ಟರೆ ಹಲ್ಲಿಗೆ ನೆಗಡಿಯಾಗುತ್ತದೆ ಅನ್ನುವಂಥವನು. ಮಳೆ ಅಳೆಯುವ ಯಂತ್ರವೊಂದಕ್ಕೆ ಅವನು ಹೊದಿಕೆ ಬರೆಯುತ್ತಿದ್ದ. ಒಂದು ಬೆಳಿಗ್ಗೆ ಬಂದು ಅವಳ ಪಕ್ಕ ನಿಂತ. ನಿಂತೇ ಇದ್ದ.

"ಏನು ಹೇಳಿ," ಅಂದಳು.

"ಬೀಳ್ತಿದೆ. ಕೆಲವು ಸಲ. ಬೇಗ ಮುಗಿಯೋ ಕೆಲಸ ಕೊಟ್ರೆ ಬೀಳಲ್ಲ. ತಡ ಆದ್ರೆ ಬೀಳುತ್ತೆ."

ಅವಳು ಅವನ ಮೇಜಿಗೆ ಹೋಗಿ ಪರದೆ ನೋಡಿದಳು. ತಲೆ ಓರೆಯಾಯಿತು, ಮುಗುಳ್ನಗೆಯೂ ಬಂತು. "ನೋಡಿ ಇಲ್ಲಿ. ಹೆಸರೂ ಇಡದೆ, ಕರೆಯೋ ಸಾಲಿನ ಒಳಗೇ ಫಂಕ್ಷನ್ ಬರೆದು ಆ ಕಡೆಗೆ ದಾಟಿಸಿಬಿಟ್ಟಿದ್ದೀರಿ. ಈ ಕಡೆ ಯಾರು ಹಿಡ್ಕೊಂಡಿದ್ದಾರೆ ಇದನ್ನ? ಯಾರೂ ಇಲ್ಲ. ಕೆಲಸ ಬೇಗ ಮುಗಿದ್ರೆ ಗುಡಿಸೋಕೆ ಮುಂಚೆನೇ ಕರೆದುಬಿಡುತ್ತೆ, ಬಚಾವ್. ತಡ ಆಯ್ತೋ, ನಡುವೆ ಒಂದು ಸಲ ಗುಡಿಸಿ ಹಾಕುತ್ತೆ. ಕೆಲಸ ಮುಗಿದಾಗ ಅದು ಕರೆಯುತ್ತೆ, ಇಲ್ಲಿ..."

ಮಾತು ಅಲ್ಲೇ ನಿಂತಿತು.

"ಇಲ್ಲಿ ಏನೂ ಇರಲ್ಲ," ಅಂತ ಮೌನಿಯೇ ಪೂರ್ತಿ ಮಾಡಿದ. ಅವನ ಆ ದಿನದ ಮಾತೆಲ್ಲ ಅಲ್ಲಿಗೆ ಮುಗಿದಾಗಿತ್ತು. ಆದರೂ ಅವಳ ಮುಖ ನೋಡಿ ಇನ್ನೂ ಒಂದು ಸೇರಿಸಿದ: "ಹುಷಾರಿಲ್ವಾ?"

"ತಲೆನೋವು," ಅಂದಳು. ಬ್ಯಾಗು ತೆಗೆದುಕೊಂಡು ಮನೆಗೆ ಹೊರಟಳು.

ಮನೆಯಲ್ಲಿ ಯಾರೂ ಇರಲಿಲ್ಲ. ಮಾವ ಪುಟ್ಟಿಯನ್ನು ಶಾಲೆಯಿಂದ ಕರೆತರಲು ಹೋಗಿದ್ದರು. ಅಡುಗೆಮನೆಯ ಅದೇ ಮೇಜಿನ ಮೇಲೆ ಅವಳು ಹಳೆಯ ಪ್ರೋಗ್ರಾಂ ತೆರೆದಳು. ಹುಡುಕಬೇಕಾಗಲೇ ಇಲ್ಲ. 'ಏರಿಸಿದ ಮೇಲೆ ನನ್ನನ್ನು ಕರೆ' ಅನ್ನುವ ಸಾಲಿನಲ್ಲಿ, ಹೆಸರಿಲ್ಲದ ಒಂದು ಫಂಕ್ಷನ್, ಬರೆದ ಹಾಗೇ ಆ ಕಡೆಗೆ ದಾಟಿಸಿದ್ದು. ಮೌನಿಯದಕ್ಕೂ ಅವಳದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಇದರಿಂದಲೇ ಆಗಿರಬೇಕು ಅಂತೇನಿಲ್ಲವಲ್ಲ? ಪೆಟ್ಟಿಗೆ ಇಲ್ಲದೆಯೂ ಲೈಬ್ರರಿ ನಡೆಯುವ ಹಾಗೆ ಮಾಡಿ, ಆ ಮಧ್ಯಾಹ್ನದ ಬೆಳಗನ್ನು ಮೊಟಕು ಮಾಡದೆ ಪೂರ್ತಿ ನಡೆಸಿದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು. ಪರದೆಯ ಮೇಲೆ ಬೆಳಕಿನ ಅಂಕಿ ಇಷ್ಟಿಷ್ಟೇ ಏರಿತು. ಪೂರ್ತಿ ತುಂಬಿತು. ಮರುಕ್ಷಣವೇ ಪ್ರೋಗ್ರಾಂ ಸತ್ತುಬಿತ್ತು. ಪ್ರೋಗ್ರಾಂ ಸತ್ತರೆ ಪೆಟ್ಟಿಗೆ ಸುರಕ್ಷತೆಗೆ ಅಂತ ಎಲ್ಲ ದೀಪ ಆರಿಸುತ್ತದೆ. ಅದು ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಕೆಂಪು ಗುಂಡಿ ಇಲ್ಲಿರಲಿಲ್ಲ. ನಡುಗುವ ಕೈಯೂ ಇರಲಿಲ್ಲ.

ಅವಳ ಕಿವಿ, ಕತ್ತು, ಮುಖವೆಲ್ಲ ಕೆಂಡದ ಹಾಗೆ ಬಿಸಿಯಾಯಿತು. ತಪ್ಪು ಮಾಡಿದ್ದು ಒಂದು ಕಡೆ ಇರಲಿ. ತಪ್ಪು ಯಾರಾದರೂ ಮಾಡುತ್ತಾರೆ. ಅವಳಿಗೆ ನೆಲ ಬಿರಿದು ಒಳಗೆ ಹೋಗಬಾರದೆ ಅನ್ನಿಸಿದ್ದು ಬೇರೆ ಒಂದನ್ನು ನೆನೆದು. ಅಷ್ಟು ಜನರ ಮುಂದೆ ತಾನು ಆ ಮುದುಕರ ಭುಜ ಮುಟ್ಟಿ 'ಪರವಾಗಿಲ್ಲ' ಅಂದದ್ದು. ದೊಡ್ಡ ಮನಸ್ಸು ಮಾಡಿದ್ದು. ತನ್ನ ತಪ್ಪಿಗೆ ಅವರನ್ನು ಕ್ಷಮಿಸಿದ್ದು.

ಬಾಗಿಲ ಸದ್ದಾಯಿತು. ಪುಟ್ಟಿ ಓಡಿಬಂದಳು. ಹಿಂದೆ ಮಾವ, ಬಲಗೈ ಜೇಬಿನಲ್ಲಿ. "ಏನಮ್ಮ, ಇಷ್ಟು ಬೇಗ? ಮುಖ ಯಾಕೆ ಹಾಗಿದೆ? ಮಲ್ಕೋ ಹೋಗು, ಕಾಫಿ ಮಾಡ್ತೀನಿ," ಅಂದರು. ಎಡಗೈಯಲ್ಲಿ ಮಾಡಿದ ಕಾಫಿ ತಂದುಕೊಟ್ಟರು. ಅವಳು ಕುಡಿದಳು. ಹೇಳಲಿಲ್ಲ.

ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಮಾವನ ಎಡಗೈಯ ಚಮಚ ತಟ್ಟೆಗೆ ತಾಗುವ ಸದ್ದು ಅವಳ ಕಿವಿಯಲ್ಲೇ ಉಳಿಯುತ್ತಿತ್ತು. ಕೊನೆಗೆ ತಡೆಯಲಾರದೆ, ಗಂಡ ಅಂಗಡಿಯಲ್ಲಿ ಒಬ್ಬನೇ ಇದ್ದ ಹೊತ್ತು ನೋಡಿ ಹೋಗಿ ಅವನಿಗೆ ಹೇಳಿದಳು.

ಅವನು ಒರೆಸುತ್ತಿದ್ದ ಕನ್ನಡಕ ಕೆಳಗಿಟ್ಟ.

"ನಾನೂ ಅಪ್ಪನ ಕೈನೇ ಅಂದ್ಕೊಂಡಿದ್ದೆ," ಅಂದ. "ಒಂದು ಸಲ ಕೂಡ ಅನುಮಾನ ಬರಲಿಲ್ಲ ನಂಗೆ." ಆಮೇಲೆ, "ಅಪ್ಪಂಗೆ ಹೇಳ್ಬೇಕು. ಆದ್ರೆ ನೀನು ಅಂತ ಯಾಕೆ ಹೇಳ್ತೀಯ? ಪೆಟ್ಟಿಗೇಲಿ ದೋಷ ಇತ್ತಂತೆ, ಈಗ ಗೊತ್ತಾಯ್ತಂತೆ ಅಂದ್ಬಿಡು. ಅವರಿಗೆ ಬೇಕಿರೋದು ಅಷ್ಟೇ. ಒಂದೇ ಮನೇಲಿ ಇರ್ಬೇಕಾದೋರು ನಾವು."

ಆ ಮಾತು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ ದಾರಿಯುದ್ದಕ್ಕೂ ಅದನ್ನೇ ಒಪ್ಪವಾಗಿ ಜೋಡಿಸಿಕೊಂಡು ಮನೆಗೆ ಬಂದಳು.

ಮಾವ ಹಿಂಭಾಗದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದರು. ಅವಳು ಹೊಸ್ತಿಲ ಮೇಲೆ ಕೂತಳು.

"ಮಾವ, ಆವತ್ತು ದೀಪ ಆರಿದ್ದು ನಿಮ್ಮ ಕೈ ತಾಗಿ ಅಲ್ಲ."

ಅವರು ತಿರುಗಿ ನೋಡಿದರು. "ಮತ್ತೆ?"

"ಒಂದು ದೋಷ ಇತ್ತು. ಈಗ ಗೊತ್ತಾಯ್ತು."

"ಹೌದಾ!" ಅವರ ಬೆನ್ನು ಕುರ್ಚಿಯಿಂದ ಮೇಲೆದ್ದಿತು. "ಪೆಟ್ಟಿಗೇಲಾ? ಹಾಗಾದ್ರೆ ಮಾಡಿದೋರಿಗೆ ಬೇಗ ತಿಳಿಸಮ್ಮ. ಅಂಥ ಪೆಟ್ಟಿಗೆ ಎಷ್ಟು ಕಡೆ ಇದೆಯೋ ಏನೋ. ಇನ್ಯಾರ ಕಾಲು ಮುರಿಯುತ್ತೋ. ಅಲ್ಲೂ ಯಾರೋ ನನ್ನಂಥೋನು ಕೂತಿರ್ತಾನೆ, ಪಾಪ."

ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಕುಸಿಯಿತು.

"ಪೆಟ್ಟಿಗೇಲಿ ಅಲ್ಲ ಮಾವ. ಪ್ರೋಗ್ರಾಂನಲ್ಲಿ. ನಾನು ಬರೆದಿದ್ರಲ್ಲಿ. ತಪ್ಪು ನಂದು."

ಜೇಬಿನಿಂದ ಬಲಗೈ ಹೊರಗೆ ಬಂತು. ಅವರೇ ತೆಗೆದದ್ದೋ, ತಾನಾಗಿ ಬಂತೋ. ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅವರು ಅಂದರು: "ಸರಿಯಾಗಿ ಹೇಳು. ನಂಗೆ ಅರ್ಥ ಆಗೋ ಹಾಗೆ."

ಅವಳು ಹೇಳಿದಳು. ಯಾವುದನ್ನು ಹಿಡಿದುಕೊಳ್ಳಬೇಕಿತ್ತು, ಹೇಗೆ ಕೈಬಿಟ್ಟೆ, ಬೆಳಗು ನಿಧಾನವಾಗಿದ್ದರಿಂದಲೇ ಹೇಗೆ ಬಿತ್ತು, ಆ ದಿನ ಮೊಟಕು ಮಾಡಿ ನೋಡಿದ್ದರಿಂದ ಹೇಗೆ ತಪ್ಪಿಸಿಕೊಂಡಿತು, ಎಲ್ಲ ಹೇಳಿದಳು. ಇದೇ ತಪ್ಪನ್ನು ಮಾಡಬೇಡಿ ಅಂತ ಊರಿಗೆಲ್ಲ ಪಾಠ ಮಾಡುವವಳು ತಾನೇ ಅನ್ನುವುದನ್ನೂ ಬಿಡಲಿಲ್ಲ.

"ಅಂದ್ರೆ ಈ ಕೈ ಸುಮ್ನೆ ಮೇಜಿನ ಮೇಲಿತ್ತು."

"ಹೌದು ಮಾವ."

"ನಂಗೆ ತಾಗಿದ ನೆನಪೇ ಇರಲಿಲ್ಲ. ಎಲ್ರೂ ಹಾಗೆ ನೋಡಿದ ಮೇಲೆ ನೆನಪು ಬಂದುಬಿಡ್ತು. ಗುಂಡಿ ಬೆರಳಿಗೆ ತಣ್ಣಗೆ ತಾಗಿದ್ದು ಕೂಡ ನೆನಪಿದೆ ಕಣಮ್ಮ ನಂಗೆ. ಈಗಲೂ ಇದೆ."

"ತಪ್ಪಾಯ್ತು ಮಾವ. ಹೊಟ್ಟೆಗೆ ಹಾಕ್ಕೊಳ್ಳಿ."

"ಆವತ್ತು ಎಲ್ಲರ ಮುಂದೆ ನನ್ನ ಭುಜ ಮುಟ್ಟಿ ಪರವಾಗಿಲ್ಲ ಅಂದೆ ನೀನು," ಅಂದರು. "ಎಂಥ ಒಳ್ಳೆ ಸೊಸೆ, ಒಂದು ಮಾತು ಬಯ್ಯಲಿಲ್ಲ ಅಂತ ಎಷ್ಟು ಸಲ ನೆನೆಸ್ಕೊಂಡಿದ್ದೀನೋ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ನಿರಾಳವಾಗುತ್ತಿತ್ತು. ಹೊಸ್ತಿಲ ಮೇಲೆ ತಲೆ ತಗ್ಗಿಸಿ ಕೂತಳು. ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

"ಆ ಹುಡುಗಿಗೆ ಹೇಳಿದ್ಯಾ? ಬಿದ್ದವಳಿಗೆ?"

"ಇಲ್ಲ."

"ಹೇಳು. ನಾನು ಜೊತೆಗೆ ಬರಲ್ಲ."

ನಟಿಯ ಮನೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಪ್ರತಿ ಮೆಟ್ಟಿಲು ಹತ್ತುವಾಗಲೂ ಅವಳಿಗೆ ಆ ತಿರುಗಿದ ಪಾದ ನೆನಪಾಗುತ್ತಿತ್ತು. ನಟಿ ಬಾಗಿಲು ತೆಗೆದಳು. ನಡೆಯುವಾಗ ಇನ್ನೂ ಸ್ವಲ್ಪ ಕುಂಟು. ಇವಳು ಕೂರುವ ಮೊದಲೇ, ನಿಂತ ನಿಲುವಿನಲ್ಲೇ ಎಲ್ಲ ಹೇಳಿ ಮುಗಿಸಿದಳು. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು.

ನಟಿ ಬಯ್ಯಲಿಲ್ಲ. ಕೂತುಬಿಟ್ಟಳು. "ನಿಮ್ಮ ಮಾವ ಇದೇ ಕುರ್ಚಿ ಮೇಲೆ ಕೂತು ಅತ್ತುಬಿಟ್ರು," ಅಂದಳು. "ನಂಗೆ ಅಂದು ನೋವು, ಸಿಟ್ಟು. 'ಕೈ ನಿಲ್ಲದೋರು ಮನೇಲಿರ್ಬೇಕು, ಜನರ ಪ್ರಾಣದ ಜೊತೆ ಆಟ ಆಡಬಾರದು' ಅಂದೆ ಅವರಿಗೆ. ಹೂಂ, ನಿಜ ಅಂತ ಹೇಳಿ ಎದ್ದು ಹೋದ್ರು." ಬಾಗಿಲ ಕಡೆ ಕೈ ತೋರಿಸಿ, "ನೀವು ಹೋಗಿ. ನಿಮ್ಮನ್ನ ನೋಡ್ತಿದ್ರೆ ಆ ಮಾತೇ ನೆನಪಾಗುತ್ತೆ ನಂಗೆ," ಅಂದಳು.

ನಾಟಕಮಂದಿರದ ಮ್ಯಾನೇಜರ್ ಮಾತ್ರ ಕೇಳಿ ಕೈಚೆಲ್ಲಿದರು. "ಹೌದಾ? ಛೇ. ಆದ್ರೆ ಈಗ ಬೇರೆಯೋರು ಬಂದಾಯ್ತಲ್ಲ ಮೇಡಂ. ಏನೇ ಆಗ್ಲಿ, ಕೈ ನಡುಗೋದಂತೂ ಸುಳ್ಳಲ್ಲವಲ್ಲ?" ಅವಳು ಒತ್ತಾಯ ಮಾಡಿದ್ದಕ್ಕೆ ಮಂದಿರದ ಎಲ್ಲ ಕೆಲಸಗಾರರನ್ನೂ ಸೇರಿಸಿದರು. ಮೊದಲು ಯಾವ ಕೋಣೆಯಲ್ಲಿ ನಿಂತು 'ನನ್ನ ಕಡೆ ಎಲ್ಲ ಸರಿಯಿದೆ' ಅಂದಿದ್ದಳೋ ಅಲ್ಲೇ ನಿಂತು, ಅಲ್ಲ, ಸರಿಯಿರಲಿಲ್ಲ, ಅವರ ಕೈ ತಾಗಿರಲಿಲ್ಲ ಅಂದಳು. ಬಟ್ಟೆ ಹೊಲಿಯುವ ಹೆಂಗಸು ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಉಳಿದವರಿಗೆ ಅದು ಹಳೆಯ ಕಥೆಯಾಗಿಹೋಗಿತ್ತು. ಹೇಳಿ ಮುಗಿಸಿ ಮೆಟ್ಟಿಲು ಇಳಿಯುವಾಗ ಭಾರ ಇಳಿದೀತು ಅಂದುಕೊಂಡಿದ್ದಳು. ಇಳಿಯಲಿಲ್ಲ.

ಮೌನಿಗೂ ಹೇಳಿದಳು. ಅವನು ಎಂದಿನಂತೆ ಸುಮ್ಮನೆ ಕೇಳಿ, "ನಾನು ಸರಿಮಾಡ್ಕೊಂಡೆ," ಅಂದ. ಆಮೇಲೆ ಏನೋ ನೆನಪಾದವನಂತೆ, "ಆವತ್ತು ನೀವು ನಗ್ತಿದ್ರಿ," ಅಂತ ಸೇರಿಸಿದ. ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಅವಳು ಆ ಓರೆ ನಗುವನ್ನು ಮುಖದಿಂದ ಕಿತ್ತು ಹಾಕಲು ಬಹಳ ದಿನ ಹೆಣಗಿದಳು. ಕೆಲವೊಮ್ಮೆ ಗೊತ್ತಿಲ್ಲದೆ ಬಂದುಬಿಡುತ್ತಿತ್ತು. ಆಗ ತಾನೇ ನಾಲಿಗೆ ಕಚ್ಚಿಕೊಂಡು ತಲೆ ನೆಟ್ಟಗೆ ಮಾಡುತ್ತಿದ್ದಳು.

ಮನೆಯಲ್ಲಿ ಮಾವ ಕೆಲವು ಕಾಲ ಅವಳ ಜೊತೆ ಬೇಕಾದಷ್ಟೇ ಮಾತಾಡಿದರು. ಕಾಫಿ ಬೇಕಾ, ಬೇಡ. ಪುಟ್ಟಿ ಬಂದಳಾ, ಬಂದಳು. ಹಾಗಂತ ಮುಖ ತಿರುಗಿಸಲಿಲ್ಲ. ನಟಿ ಒಂದು ದಿನ ಕುಂಟುತ್ತಲೇ ಮನೆಗೆ ಬಂದು ಅವರ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿ ಹೋದಳು. ಅಂದಿನಿಂದ ಅವರ ಬಲಗೈ ಜೇಬಿನಿಂದ ಹೊರಗೆ ಉಳಿಯಿತು, ನಡುಗುತ್ತಲೇ. ಅದಾದ ಮೇಲೆ ಒಂದು ಬೆಳಿಗ್ಗೆ, ಮಗನನ್ನು ಬಿಟ್ಟು ಸೊಸೆಯನ್ನೇ ಕರೆದು, "ಡಾಕ್ಟರ ಹತ್ರ ಹೋಗ್ಬೇಕು. ನಿಂಗೆ ರಜೆ ಸಿಗುತ್ತಾ?" ಅಂದರು.

ಡಾಕ್ಟರು ಅವರ ಕೈಯಲ್ಲಿ ಲೋಟ ಹಿಡಿಸಿ, ಗೆರೆ ಎಳೆಸಿ, ಬೆರಳು ಮಡಚಿಸಿ ನೋಡಿದರು. ಈ ನಡುಕ ಪೂರ್ತಿ ಹೋಗುವಂಥದ್ದಲ್ಲ, ಆದರೆ ಮಾತ್ರೆಯಿಂದ ತಕ್ಕಮಟ್ಟಿಗೆ ಹತೋಟಿಗೆ ಬರುತ್ತದೆ ಅಂದರು. "ಇಷ್ಟು ದಿನ ಯಾಕೆ ಬರಲಿಲ್ಲ ನೀವು?"

"ನಾಚಿಕೆ ಆಗಿತ್ತು," ಅಂದರು ಮಾವ.

ಪಕ್ಕದ ಕುರ್ಚಿಯಲ್ಲಿ ಅವಳು ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಹೊರಗೆ ಔಷಧಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಮಾವನ ಹಳೆಯ ಪರಿಚಯದವರೊಬ್ಬರು ಸಿಕ್ಕಿದರು. ಏನು ಸಮಾಚಾರ, ಜೊತೆಗೆ ಯಾರು ಅಂತ ಕೇಳಿದರು. ಮಾವ ಅವಳ ಕಡೆ ಒಮ್ಮೆ ನೋಡಿದರು. ಹೇಳುವುದಿದ್ದರೆ ಹೇಳಲಿ, ಹೇಳಬೇಕಾದ್ದೇ ಅಂದುಕೊಂಡಳು ಅವಳು.

"ನನ್ನ ಸೊಸೆ," ಅಂದರು ಅವರು. "ಕಂಪ್ಯೂಟರ್ ಕೆಲಸ."

ಮೊದಲಾಗಿದ್ದರೆ ಅದರ ಹಿಂದೆಯೇ ಹೊಗಳಿಕೆಯ ಮಳೆ ಸುರಿಯುತ್ತಿತ್ತು. ಈಗ ಅಷ್ಟಕ್ಕೇ ನಿಲ್ಲಿಸಿದರು. ಸಾಲು ಮುಂದೆ ಸರಿಯಿತು. ಮಾವ ಚೀಟಿ ಕೊಟ್ಟು ಮಾತ್ರೆ ತೆಗೆದುಕೊಂಡು ಅವಳಿಗೆ ಕೊಟ್ಟರು. ಅವಳು ಅದನ್ನು ಚೀಲದಲ್ಲಿಟ್ಟುಕೊಂಡು, ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ, ಬಸ್ಸು ನಿಲ್ಲುವ ಕಡೆ ಹೊರಟಳು.